ಒಂದು ಸೆಟ್ ಮಾತ್ರೆ

ಅಮೃತೂರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಭದ್ರಮ್ಮನಿಗೆ ಹದಿನೆಂಟು ವರ್ಷದಿಂದ ಒಂದೇ ಮದ್ದು. ಅನ್ನದ ಹಂಡೆ ಇಳಿಸಿ ಸೊಂಟ ಹಿಡಿದುಕೊಂಡರೆ ನೆಟ್ಟಗೆ ಮೆಡಿಕಲ್ ಅಂಗಡಿಗೆ ಹೋಗಿ, “ಒಂದ್ ಸೆಟ್ ಕೊಡಪ್ಪ” ಅನ್ನುತ್ತಾಳೆ. ಮೂರು ಬಿಡಿ ಮಾತ್ರೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಹೆಸರು ಯಾರಿಗೆ ಬೇಕು? ನೋವು ಹೋದರೆ ಸರಿ.

ಮಗಳು ಸುಧಾ ಹಾಗಲ್ಲ. ಗುಬ್ಬಿಗೆ ಮದುವೆಯಾಗಿ ಹೋದವಳು, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ದುಡಿದು ಲೋಕ ಕಂಡವಳು. ಮೂರು ತಿಂಗಳ ಬಸುರಿ, ವಾಂತಿ ಸುಸ್ತು ಅಂತ ತವರಿಗೆ ಬಂದಾಗ ತಲೆನೋವಿಗೆ ಹಣೆಯನ್ನು ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದಳು. ಆದರೂ ಡಾಕ್ಟರು ಹೇಳದೆ ಒಂದು ಮಾತ್ರೆ ಮುಟ್ಟಲಿಲ್ಲ. ಹೆತ್ತ ಕರುಳು ತಡೆಯಬೇಕಲ್ಲ! ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಅನ್ನುವುದಿಲ್ಲ. ಭದ್ರಮ್ಮ ಮಗಳಿಗೆ ಹೇಳದೆ ಸೆಟ್ಟನ್ನು ಕುಟ್ಟಿ ಪುಡಿಮಾಡಿ ಶುಂಠಿ ಕಷಾಯಕ್ಕೆ ಬೆರೆಸಿಬಿಟ್ಟಳು. “ನಿನ್ ಕಷಾಯ ಚೆನ್ನಾಗ್ ಕೆಲ್ಸ ಮಾಡುತ್ತೆ ಕಣಮ್ಮ” ಅಂದಳು ಸುಧಾ. ಆ ಮಾತಿಗೆ ಭದ್ರಮ್ಮ ಉಬ್ಬಿಹೋಗಿ ಮೂರು ವಾರ ದಿನಾ ಹಾಗೇ ಕುಡಿಸಿದಳು.

ತವರಲ್ಲೇ ಬಾಣಂತನ. ಗಂಡುಮಗುವಿಗೆ ಈಗ ಮೂರು ತಿಂಗಳು, ಎರಡರಲ್ಲಿ ಒಂದು ಬೀಜ ಇನ್ನೂ ಚೀಲಕ್ಕೆ ಇಳಿದಿಲ್ಲ. ತುಮಕೂರಿನ ಮಕ್ಕಳ ಡಾಕ್ಟರು ನೋಡಿ, ಆರು ತಿಂಗಳವರೆಗೆ ಕಾಯೋಣ, ಇಳಿಯದಿದ್ದರೆ ಆಪರೇಷನ್ ಮಾಡಬೇಕಾಗುತ್ತದೆ ಅಂದರು. ಆಮೇಲೆ ಕೇಳಿದರು: “ಪ್ರೆಗ್ನೆಂಟ್ ಇದ್ದಾಗ ನೋವಿನ ಮಾತ್ರೆ ಏನಾದ್ರೂ ತಗೊಂಡಿದ್ರಾ?”

“ಒಂದೂ ಇಲ್ಲ ಮೇಡಂ” ಅಂದಳು ಸುಧಾ, ಹೆಮ್ಮೆಯಿಂದ.

ಭದ್ರಮ್ಮ ಮಗಳ ಮುಖ ನೋಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮುಚ್ಚಿಟ್ಟು ಮಗುವಿಗೆ ಇನ್ನೇನಾದರೂ ಆದರೆ?

“ನಾನೇ ಕೊಟ್ಟೆ ಮೇಡಂ. ಕಷಾಯ್ದಲ್ಲಿ ಹಾಕಿ.”

“ಯಾವ ಮಾತ್ರೆ?”

“ಸೆಟ್ಟು. ಒಂದು ಕಿತ್ಲೆ ಬಣ್ಣದ್ದು, ಎರಡು ಬಿಳೀದು.”

ಡಾಕ್ಟರು ಪೆನ್ನು ಕೆಳಗಿಟ್ಟರು. ಬಸುರಲ್ಲಿ ಕೆಲವು ನೋವಿನ ಮಾತ್ರೆ ವಾರಗಟ್ಟಲೆ ತಿಂದರೆ ಹೀಗಾಗಬಹುದು ಅಂತ ಅನುಮಾನವಿದೆ, ಖಚಿತವಿಲ್ಲ, ಏನೂ ತಿನ್ನದವರ ಮಕ್ಕಳಿಗೂ ಆಗುತ್ತದೆ, ಇದರಿಂದಲೇ ಆಯಿತು ಅಂತ ಹೇಳಲಾಗುವುದಿಲ್ಲ ಅಂದರು. ಅಲ್ಲ ಅಂತಲೂ ಹೇಳಲಿಲ್ಲ. ಬೈದುಬಿಟ್ಟಿದ್ದರೆ ವಾಸಿಯಿತ್ತು ಅನ್ನಿಸಿತು ಭದ್ರಮ್ಮನಿಗೆ.

ಬಸ್‌ಸ್ಟ್ಯಾಂಡಿನವರೆಗೂ ಸುಧಾ ಮಗುವನ್ನು ಎತ್ತಿಕೊಂಡು ಮುಂದೆ ಮುಂದೆ ನಡೆದಳು. ಊರಿನ ಕಡೆಗೆ ಹೋಗುವ ಕುಣಿಗಲ್ ಬಸ್ಸು ನಿಂತಿತ್ತು. ಭದ್ರಮ್ಮ ಹತ್ತಿ, ಮಗುವಿಗೆಂದು ಕೈ ಚಾಚಿದಳು. ಸುಧಾ ಕೊಡಲಿಲ್ಲ.

“ನಾನ್ ಗುಬ್ಬಿಗೆ ಹೋಗ್ತೀನಿ.”

“ಬಾಣಂತಿ ಕಣೇ ನೀನು. ಐದ್ ತಿಂಗ್ಳಾಗ್ದೆ, ಮಡ್ಲು ತುಂಬ್ದೆ ಹೆಂಗೆ ಕಳಿಸ್ಲಿ?”

“ನೀನ್ ಕಳಿಸ್ತಿಲ್ಲಮ್ಮ. ನಾನೇ ಹೋಗ್ತಿದೀನಿ.”