ಒಂಬತ್ತಕ್ಕೆ ಮಲಗುವ ವೆಬ್‌ಸೈಟ್

“ಸಾ, ಚಕ್ಲಿ ಕೇಳಿದ್ರೆ ನಿಮ್ ವೆಬ್‌ಸೈಟು ಮನಿಕ್ಕೊಳೋಗಿ ಅಂತದಲ್ಲ ಸಾ!”

ಚನ್ನರಾಯಪಟ್ಟಣದ ನಮ್ಮ ಮನೆಯ ಗೇಟಿನಲ್ಲಿ ಬೆಳ್ಳಂಬೆಳಿಗ್ಗೆ ನಿಂತಿದ್ದ ಹೆಂಗಸು ಮೊಬೈಲನ್ನು ನನ್ನ ಮುಖಕ್ಕೇ ಹಿಡಿದರು. ಹಿರೀಸಾವೆಯಲ್ಲಿ ಹೋಟೆಲ್ ನಡೆಸುವವರು. ಮರುದಿನ ಅವರ ಮಗಳ ಸೀಮಂತ. ನನ್ನ ಸೊಸೆ ಮಾಡುವ ಚಕ್ಕುಲಿಯೇ ಬೇಕೆಂದು ಮೊದಲ ಬಸ್ಸು ಹತ್ತಿ ಬಂದಿದ್ದರು.

ಸೊಸೆಯ ವ್ಯಾಪಾರಕ್ಕೆ ಆ ವೆಬ್‌ಸೈಟ್ ಮಾಡಿದವನು ನಾನೇ. ನಿವೃತ್ತಿಯಾದ ಮೇಲೆ ಜಾವಾಸ್ಕ್ರಿಪ್ಟ್ ಕ್ಲಾಸಿಗೆ ಸೇರಿದ್ದೆ. ‘ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು’ ಎಂದು ಕಂಪ್ಯೂಟರಿಗೆ ಷರತ್ತು ಹಾಕುವ ಪಾಠ ನನಗೆ ಬಹಳ ಹಿಡಿಸಿತು. ನಮ್ಮ ಮನೆ ನಡೆಯುವುದೂ ನಾನು ಹಾಕಿದ ಅಂಥ ಷರತ್ತುಗಳ ಮೇಲೆಯೇ; ರಾತ್ರಿ ಒಂಬತ್ತಾದರೆ ಎಲ್ಲರೂ ಮಲಗಬೇಕು. ವೆಬ್‌ಸೈಟಿನಲ್ಲೂ ಮಧ್ಯಾಹ್ನವಾದರೆ ‘ಊಟದ ಹೊತ್ತು, ಕೈ ತೊಳೆದುಕೊಳ್ಳಿ’, ರಾತ್ರಿ ಒಂಬತ್ತಾದರೆ ‘ಮಲಗುವ ಹೊತ್ತು, ಬೆಳಿಗ್ಗೆ ಬನ್ನಿ’ ಎಂದು ತೋರಿಸಿ ಆರ್ಡರ್ ನಿಲ್ಲಿಸುವಂತೆ ಬರೆದಿದ್ದೆ.

“ನಾವು ಓಟ್ಲು ಬಾಗಿಲಾಕೋದೇ ಅತ್ತು ಗಂಟ್ಗೆ ಸಾ. ಅದ್ಕೂ ಮುಂಚೆ ಫೋನ್ ಮುಟ್ಟಕ್ಕೆ ಪುರುಸೊತ್ತೆಲ್ಲೈತೆ?” ಎಂದರು.

ಮಾತು ಕೇಳಿ ಸೊಸೆ ಹೊರಗೆ ಬಂದಳು. “ಆರ್ಡರ್ ಯಾಕೆ ಕಮ್ಮಿ ಆಯ್ತು ಅಂತ ಈಗ ಗೊತ್ತಾಯ್ತು. ಮಾವ, ನಮ್ಮನ್ನ ಮಲಗ್ಸೋದು ಸಾಲ್ದು ಅಂತ ಗಿರಾಕಿಗಳ್ನೂ ಮಲಗಿಸ್ತಿದ್ರಾ?” ಎಂದವಳೇ ಒಲೆಗೆ ಬಾಣಲೆ ಇಟ್ಟಳು.

ಚಕ್ಕುಲಿ ಕರಿದು ಮುಗಿಯುವಷ್ಟರಲ್ಲಿ ನಾನು ಆ ಷರತ್ತುಗಳನ್ನೆಲ್ಲ ಅಳಿಸಿದ್ದೆ. ಈಗ ರಾತ್ರಿಯೂ ಆರ್ಡರ್‌ಗಳು ಬರುತ್ತವೆ. ನಮ್ಮ ಮನೆಯಲ್ಲಿ ಒಂಬತ್ತರ ಮೇಲೂ ಎದ್ದಿರಲು ನಾನು ಅಪ್ಪಣೆ ಕೊಟ್ಟಿರುವುದು ಆ ವೆಬ್‌ಸೈಟಿಗೆ ಮಾತ್ರ.