ದೀಪ ದೊಡ್ಡದು ಮಾಡಿದ ಜಹಾನಾರಾ

ಜಹಾನಾರಾ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುವುದಿಲ್ಲ, ತಲೆಯೆತ್ತಿ ಸೂರು ನೋಡುತ್ತಾಳೆ. ಹೊನ್ನಾಳಿಯಲ್ಲಿ ಅವಳನ್ನು ಬಲ್ಲವರು ಇದಕ್ಕೆ ಒಗ್ಗಿಹೋಗಿದ್ದಾರೆ. ಚಹಾದ ಲೋಟ ಹಿಡಿದುಕೊಂಡು, ಅವಳ ಕಣ್ಣು ಬಲ್ಬಿನಿಂದ ಕೆಳಗಿಳಿಯುವವರೆಗೆ ಕಾಯುತ್ತಾರೆ.

ಅವಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಹೀಗೇ ಆಯಿತಂತೆ. ತಲೆ ತಗ್ಗಿಸಿ ಕೂರಬೇಕಾದ ಹುಡುಗಿ ಮೇಲೆ ನೋಡುತ್ತ ಕೂತಿದ್ದಳು. ಗಂಡಿನ ತಾಯಿ, "ಏನಾರ ಕೇಳೋದಿದ್ರೆ ಕೇಳಮ್ಮ" ಎಂದರು. ಜಹಾನಾರಾ ಕೇಳಿದಳು: "ನಮ್ಮ ಟ್ಯೂಬ್‌ಲೈಟಿನ ಚೋಕ್ ಹೋಗೈತೆ, ಅದಕ್ಕೇ ಗುಂಯ್ ಅಂತೈತೆ. ನಿಮ್ಮನೇದು ಹೆಂಗೈತೆ?" ಮೂಲೆಯಲ್ಲಿ ಕೂತಿದ್ದ ಗಂಡು, ಚಾಂದ್, ಮೊದಲ ಸಲ ಬಾಯಿಬಿಟ್ಟ. "ಮೂರು ತಿಂಗಳಿಂದ ಕೆಟ್ಟು ಕೂತೈತೆ." ಮದುವೆ ಗೊತ್ತಾಯಿತು. ಮದುವೆಯಾದ ಮೂರನೆಯ ದಿನ ಮದುಮಗಳು ಗಂಡನ ಮನೆಯಲ್ಲಿ ಏಣಿ ಹತ್ತಿದಳು.

ಅವಳ ತಂದೆ ಮುಬಾರಕ್ ಸೀರಿಯಲ್ ಸೆಟ್ ಕಟ್ಟುವವರು. ಬಿದಿರಿನ ಚೌಕಟ್ಟಿಗೆ ಸಾವಿರ ಪುಟ್ಟ ಬಲ್ಬು ಕಟ್ಟಿ ನವಿಲು ಕುಣಿಸುತ್ತಿದ್ದರು. ಬಲ್ಬುಗಳನ್ನು ಬಣ್ಣದಲ್ಲಿ ಅದ್ದಿ ಒಣಹಾಕುವ ಕೆಲಸ ಚಿಕ್ಕ ಜಹಾನಾರಾಳದು. ಶಾಲೆಗೆ ಹೋದರೆ ಅವಳ ಬೆರಳ ತುದಿಗಳು ಒಂದೊಂದು ಬಣ್ಣ. ಹನ್ನೊಂದು ವರ್ಷದ ಹಿಂದೆ ತಂದೆಯ ಕಣ್ಣು ಮಂಜಾದಾಗ ಅಂಗಡಿ ಅವಳ ಕೈಗೆ ಬಂತು. ಗಂಡನ ಲಗೇಜ್ ಆಟೊದಲ್ಲಿ ಲೈಟು ಹೇರಿಕೊಂಡು ಅವಳು ಚನ್ನಗಿರಿ, ನ್ಯಾಮತಿ, ಜಗಳೂರು ಸುತ್ತತೊಡಗಿದಳು. ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೂ ಅವಳದೇ ಲೈಟು.

ಆದರೆ ಅಷ್ಟು ಹೊತ್ತಿಗೆ ಲೈಟುಗಳೇ ಬದಲಾಗಿದ್ದವು. ಎಲ್ಲ ಮದುವೆಗೂ ಅದೇ ಎಲ್‌ಇಡಿ, ಅದೇ ನೇರಳೆ ಬಣ್ಣ. ಪೆಟ್ಟಿಗೆ ಬಿಚ್ಚಿ, ನೇತುಹಾಕಿ, ಗುಂಡಿ ಒತ್ತಿದರೆ ಆಯಿತು. ಬಿಳಿಚೋಡಿನ ಒಂದು ಮದುವೆಯಲ್ಲಿ ಅವಳು ಹಾಗೆ ಒತ್ತಿದ್ದೇ ತಡ, ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರನ್ನು ಕೇಳಿದರು: "ಹುಡುಗಿಗೆ ಹುಷಾರಿಲ್ಲೇನವ್ವ? ಮುಖ ಬದನೆಕಾಯಿ ಆಗೈತಲ್ಲ."

ಸುತ್ತಲಿನವರು ನಕ್ಕರು, ಜಹಾನಾರಾ ನಗಲಿಲ್ಲ. ಅಂದಿನಿಂದ ಅವಳಿಗೆ ಒಂದೇ ಹಂಬಲ. ಬೇರೆಯವರು ಮಾಡಿದ ಲೈಟು ನೇತುಹಾಕಿದ್ದು ಸಾಕು. ಮದುಮಗಳು ಮದುಮಗಳ ಹಾಗೇ ಕಾಣುವಂಥ, ತಾನೇ ಮಾಡಿದ ಒಂದು ದೀಪ ಒಂದು ನಿಜವಾದ ಮದುವೆಯ ವೇದಿಕೆ ಮೇಲೆ ಉರಿಯಬೇಕು.

ಆ ದೀಪ ಅವಳಿಗೆ ಸಿಕ್ಕಿದ್ದು ಸೂಳೆಕೆರೆಯ ದಂಡೆಯಲ್ಲಿ. ಚಾಂದ್ ಮೀನು ಕೊಳ್ಳಲು ಆಟೊ ನಿಲ್ಲಿಸಿದ್ದ. ಮೀನುಗಾರ ದುರುಗೇಶನ ಗುಡಿಸಲ ಮುಂದೆ ಒಂದು ಕೂಳಿ ಒಣಗುತ್ತಿತ್ತು. ಹರಿವ ನೀರಿಗೆ ಅಡ್ಡ ಇಟ್ಟು ಮೀನು ಹಿಡಿಯುವ ಬಿದಿರಿನ ಉದ್ದ ಬುಟ್ಟಿ ಅದು. ಸಂಜೆಯ ಬಿಸಿಲು ಒಳಹೊಕ್ಕು, ಸೀಳು ಸೀಳಾಗಿ ಹೊರಬಂದು, ನೆಲದ ಮೇಲೆ ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಜಹಾನಾರಾ ಆ ಚಾಪೆಯ ಮೇಲೆ ಹೋಗಿ ನಿಂತಳು. ಅವಳ ಸೀರೆಯೆಲ್ಲ ಪಟ್ಟೆಪಟ್ಟೆಯಾಯಿತು.

"ಇದು ನನಗೆ ಬೇಕು."

"ನೀವು ಎಲ್ಲಿ ಮೀನು ಹಿಡೀತೀರಕ್ಕ?" ದುರುಗೇಶ ಕೇಳಿದ.

"ಮೀನಲ್ಲ. ಬೆಳಕು ಹಿಡಿಯಾಕೆ."

ದುರುಗೇಶ ಚಾಂದ್‌ನ ಮುಖ ನೋಡಿದ. "ನನ್ನ ನೋಡಬೇಡಪ್ಪ" ಎಂದ ಚಾಂದ್, "ಮದುವೆ ಗೊತ್ತಾದ ದಿನದಿಂದ ಹಿಂಗೇ."

ದುರುಗೇಶ ಹಳೆಯದನ್ನು ಕೊಡಲಿಲ್ಲ. ಎಂಟು ದಿನದಲ್ಲಿ ಹೊಸ ಬಿದಿರಿನಲ್ಲಿ ಅಗಲವಾಗಿ ಒಂದು ಹೆಣೆದುಕೊಟ್ಟ. ಅದರ ಸುತ್ತ ಎಸಳು ಬೇಕಿತ್ತು. ಊಟದ ತಟ್ಟೆ ಒತ್ತುವ ಅಡಿಕೆ ಹಾಳೆಯನ್ನು ಜಹಾನಾರಾ ನೆನೆಸಿ, ಗಾಜಿನ ಚೂರಿನಿಂದ ಹೆರೆದು ಹೆರೆದು, ಆಚೆ ಹಿಡಿದ ಬೆರಳು ಈಚೆ ಕಾಣುವಷ್ಟು ತೆಳ್ಳಗೆ ಮಾಡಿದಳು. ಮೊದಲ ಸಲ ಒಳಗೆ ಹಳೆಯ ಹ್ಯಾಲೊಜನ್ ಬಲ್ಬು ಇಟ್ಟಳು. ಹಾಳೆ ಕಾದು ಹುರಿದ ವಾಸನೆ ಎದ್ದಿತು. ಪಕ್ಕದ ಅಂಗಡಿಯ ಟೈಲರ್ ಪ್ರೇಮಲತಾ ಅಳತೆ ಟೇಪು ಕೊರಳಲ್ಲೇ ಓಡಿಬಂದು, "ಏನು ಹುರಿಯಾಕೆ ಹತ್ತೀಯೆ, ನನಗೂ ಒಂಚೂರು ಕೊಡು" ಎಂದಳು. ಎರಡನೆಯ ಸಲ ಎಸಳುಗಳು ಒಣಗಿ ಹಪ್ಪಳದಂತೆ ಸುರುಳಿಯಾದವು. ಮೂರನೆಯ ಸಲ ಅವಳು ತಣ್ಣನೆಯ ಎಲ್‌ಇಡಿ ಇಟ್ಟಳು, ಎಸಳಿಗೆ ಬಿದಿರಿನ ಕಡ್ಡಿ ಹೊಲಿದಳು, ದಾರ ಕಟ್ಟಿದಳು. ಗುಂಡಿ ತಿರುಗಿಸಿದಷ್ಟೂ ಬೆಳಕು ಏರಬೇಕು, ಒಂದು ಮೋಟಾರು ದಾರ ಎಳೆದು ಎಸಳೂ ಅರಳಬೇಕು.

ಮೋಟಾರು ಎಲ್ಲಿಂದ ಬಂತು ಎನ್ನುವುದು ಚಾಂದ್‌ಗೆ ಗೊತ್ತಾಗಿದ್ದು ಮಳೆ ಬಂದ ದಿನ. ವೈಪರಿನ ಗುಂಡಿ ಒತ್ತಿದ. ಏನೂ ಅಲುಗಲಿಲ್ಲ.

"ಜಹಾನಾ, ನನ್ನ ಆಟೊದ ವೈಪರ್ ಮೋಟಾರು ಏನಾಯ್ತು?"

"ಹೂವಾಗೈತೆ."

ಆ ಹೂವಿಗೆ ಒಂದೇ ಒಂದು ದೋಷ ಉಳಿದಿತ್ತು. ಅರ್ಧ ಅರಳುವವರೆಗೆ ಮೋಟಾರು ಹೇಳಿದ ಮಾತು ಕೇಳುತ್ತಿತ್ತು. ಅರ್ಧ ದಾಟಿದರೆ ತಾನು ಇನ್ನೂ ಆಟೊದಲ್ಲೇ ಇದ್ದೇನೆಂದು ತಿಳಿದು ಅತ್ತಿಂದಿತ್ತ ಆಡತೊಡಗುತ್ತಿತ್ತು. "ಅರ್ಧಕ್ಕಿಂತ ಮುಂದೆ ಹೋಗಬೇಡ" ಎಂದು ಚಾಂದ್ ಗುಂಡಿಯ ಪಕ್ಕ ಸುಣ್ಣದಲ್ಲಿ ಗೆರೆ ಎಳೆದ.

ಇಂಥ ದೀಪವನ್ನು ವೇದಿಕೆಗೆ ಬಿಟ್ಟುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಚನ್ನಗಿರಿಯ ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪ, "ನಮ್ಮ ಮಗಳು ಶಾಂತಲಾ ನಿಶ್ಚಿತಾರ್ಥದ ಹಿಂದಿನ ದಿನ ಒಂದು ತಂದು ಕಟ್ಟಮ್ಮ. ನಮ್ಮವ್ವ ನೋಡಿ ಹೂಂ ಅಂದ್ರೆ ಮದುವೆಗೆ ಇಪ್ಪತ್ತೊಂದು ಮಾಡು. ಉಹೂಂ ಅಂದ್ರೆ ದಾವಣಗೆರೆಯಿಂದ ಆ ತನ್ನಷ್ಟಕ್ಕೆ ತಲೆ ತಿರುಗಿಸೋ ಲೈಟು ತರಿಸ್ತೀನಿ" ಎಂದರು. ಜಹಾನಾರಾಗೆ ಗೊತ್ತಿತ್ತು, ಇಲ್ಲಿ ಉಹೂಂ ಎಂದರೆ ಕೂಳಿ ಅಂಗಡಿಯ ಅಟ್ಟ ಸೇರುತ್ತದೆ, ಮತ್ತೆ ಇಳಿಯುವುದಿಲ್ಲ.

ಹೊರಡುವ ದಿನ ಚಾಂದ್ ಎಚ್ಚರಿಸಿದ. "ಅವರು ಲಿಂಗ ಕಟ್ಟಿದ ಮಂದಿ. ಕೂಳಿ ಅನ್ನೋ ಪದ ಬಾಯಲ್ಲಿ ಬರಬಾರದು. ಹೂವಿನ ಬುಟ್ಟಿ ಅನ್ನು."

ಮಧ್ಯಾಹ್ನ ನಾಲ್ಕಕ್ಕೆ ಕಲ್ಯಾಣ ಮಂಟಪದ ಕಿಟಕಿ ಬಾಗಿಲು ಮುಚ್ಚಿದರು. ಮುಂದಿನ ಸಾಲಿನಲ್ಲಿ ಪಂಚಾಕ್ಷರಪ್ಪನವರ ತಾಯಿ ಹಾಲಮ್ಮಜ್ಜಿ, ಎಂಬತ್ತೆರಡು ವರ್ಷ, ಹೊಸದಾಗಿ ಪೊರೆ ತೆಗೆಸಿದ ಕಣ್ಣು. ವೇದಿಕೆಯ ಕುರ್ಚಿಯಲ್ಲಿ ಶಾಂತಲಾ. ಜಹಾನಾರಾ ಸುಣ್ಣದ ಗೆರೆಯವರೆಗೆ ಮಾತ್ರ ಗುಂಡಿ ತಿರುಗಿಸಿದಳು. ಅರ್ಧ ಬೆಳಕು, ಅರ್ಧ ಅರಳಿದ ಎಸಳು.

ಅಜ್ಜಿ ಕತ್ತೆತ್ತಿ ನೋಡಿದರು. "ಇದು ಕೂಳಿ ಅಲ್ವೇನೆ ಹುಡುಗಿ?"

ಚಾಂದ್ ನೆಲ ನೋಡಿದ.

"ಕೂಳಿ ಅಂದ್ರೆ? ಮೀನು ಹಿಡಿಯೋದಾ?" ಪಂಚಾಕ್ಷರಪ್ಪ ಕೇಳಿದರು.

"ಹೂಂನಪ್ಪ. ನಾನು ಹುಟ್ಟಿದ್ದೇ ಸೂಳೆಕೆರೆ ದಂಡೇಲಿ. ಕೂಳಿಗೆ ರೇಷ್ಮೆ ಸೀರೆ ಉಡಿಸಿದ್ರೂ ಗುರುತು ಹಿಡೀತೀನಿ."

ಹೂವಿನ ಬುಟ್ಟಿ ಎನ್ನಲು ಜಹಾನಾರಾಳ ನಾಲಿಗೆ ಏಳಲಿಲ್ಲ. "ಆಕಾರ ಕೂಳೀದೇ ಅಜ್ಜಿ. ಬಿದಿರು ಹೊಸಾದು. ಇದರಾಗೆ ಬೆಳಕು ಬಿಟ್ಟು ಇನ್ನೇನೂ ಬಿದ್ದಿಲ್ಲ."

"ಮದುಮಕ್ಕಳ ತಲೆ ಮೇಲೆ ಕೂಳಿ ಕಟ್ಟಿದ್ರೆ ಬೀಗರು ಏನಂದಾರು?"

"ಅಳಿಯ ತಾನಾಗೇ ಬಂದು ಬೀಳ್ತಾನೆ ಬಿಡಜ್ಜಿ" ಎಂದಳು ಶಾಂತಲಾ.

ಅಜ್ಜಿ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಏಳುವ ಹಾಗೆ ಕುರ್ಚಿಯ ಕೈ ಹಿಡಿದರು. "ಸಾಕು, ನೋಡಿದ್ದಾಯ್ತು. ದೀಪ ದೊಡ್ಡದು ಮಾಡ್ರಿ."

ನಮ್ಮ ಕಡೆ ದೀಪ ಆರಿಸು ಎನ್ನುವುದಿಲ್ಲ. ಅದು ಕೆಟ್ಟ ಮಾತು. ಆರಿಸಬೇಕಾದಾಗ ದೊಡ್ಡದು ಮಾಡು ಎನ್ನುತ್ತಾರೆ. ಇದು ಜಹಾನಾರಾಗೆ ತಿಳಿಯದ್ದಲ್ಲ. ಅವಳ ತಾಯಿಯ ತಾಯಿ, ನಾನಿಯೂ, ಮಲಗುವ ಮೊದಲು "ಚಿರಾಗ್ ಬಢಾ ದೋ" ಎಂದೇ ಹೇಳುತ್ತಿದ್ದಳು, ಅದರ ಅರ್ಥವೂ ಅದೇ. ಆದರೆ ಇಷ್ಟು ದಿನ ಕಾದ ಕಿವಿಗೆ ಆ ಗಳಿಗೆಯಲ್ಲಿ ಮಾತಿನ ಒಳಗಿನ ಅರ್ಥ ಕೇಳಲಿಲ್ಲ, ಮಾತು ಮಾತ್ರ ಕೇಳಿತು. ದೊಡ್ಡದು ಮಾಡು ಎಂದರು. ಅಜ್ಜಿ ಒಪ್ಪಿದರು.

ಅವಳು ಸುಣ್ಣದ ಗೆರೆ ದಾಟಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟಳು.

ಎಸಳುಗಳು ಒಂದೇ ಸಲಕ್ಕೆ ಪೂರ್ತಿ ಬಿಚ್ಚಿಕೊಂಡವು. ಬಂಗಾರದ ಬೆಳಕು ಸೀಳುಸೀಳಾಗಿ ಗೋಡೆಯಿಂದ ಗೋಡೆಗೆ ಹಾಸಿತು. ಆಮೇಲೆ ಮೋಟಾರಿಗೆ ಮಳೆಗಾಲ ನೆನಪಾಯಿತು. ಎಸಳುಗಳು ಪಟಪಟ ಬಡಿದುಕೊಳ್ಳತೊಡಗಿದವು, ಕೂಳಿ ತೂಗಿತು, ಬೆಳಕು ಚಾವಣಿಯಲ್ಲಿ, ನೆಲದಲ್ಲಿ, ಪಂಚಾಕ್ಷರಪ್ಪನವರ ಬೋಳು ತಲೆಯ ಮೇಲೆ ಕುಣಿಯಿತು. ಕುರ್ಚಿ ಜೋಡಿಸುತ್ತಿದ್ದವರು ಕುರ್ಚಿ ಬಿಟ್ಟು ನಿಂತರು. ಶಾಂತಲಾ ಎದ್ದು, ಎರಡೂ ಕೈ ಚಾಚಿ, ಬೆಳಕಿನ ಪಟ್ಟೆಗಳನ್ನು ಹಿಡಿಯಲು ಹೋಗಿ, ಅವು ತಪ್ಪಿಸಿಕೊಂಡಂತೆಲ್ಲ ಗಿರಗಿರ ಸುತ್ತಿದಳು.

"ದೀಪ ದೊಡ್ಡದು ಮಾಡ್ರೀ ಅಂದ್ರೆ" ಎಂದು ಅಜ್ಜಿ ಕೂಗಿದರು.

"ಇದಕ್ಕಿಂತ ದೊಡ್ಡದು ಆಗಾಕಿಲ್ಲ ಅಜ್ಜಿ" ಎಂದು ಜಹಾನಾರಾ ಅಲ್ಲಿಂದಲೇ ಕೂಗಿದಳು. ಅವಳ ಮುಖವೂ ಬಂಗಾರವಾಗಿತ್ತು.

ಚಾಂದ್ ಓಡಿಹೋಗಿ ವೈರು ಕಿತ್ತ. ಮಂಟಪ ಕತ್ತಲಾಯಿತು. ಕೊನೆಯ ಎಸಳೊಂದು ಎರಡು ಸಲ ಪಟಪಟ ಎಂದು ಸುಮ್ಮನಾಯಿತು.

"ಆರಿಸು ಅಂದಿದ್ದು ಅವರು" ಎಂದು ಚಾಂದ್ ಪಿಸುಗುಟ್ಟಿದ.

ಆಗ ಜಹಾನಾರಾಗೆ ಹೊಳೆಯಿತು. ಕೂಳಿ ಆಗಲೇ ಅಂಗಡಿಯ ಅಟ್ಟ ಸೇರಿದ ಹಾಗಾಯಿತು. ಮುಂದಿನ ಸಾಲಿನಿಂದ ಮೊದಲು ಒಂದು ಕೆಮ್ಮು ಕೇಳಿತು. ಅದು ಕೆಮ್ಮಲ್ಲ, ನಗು. ಹಲ್ಲಿಲ್ಲದ ಬಾಯಿಯ, ತಡೆದಷ್ಟೂ ಉಕ್ಕುವ ನಗು.

"ಏ ಹುಡುಗಿ, ಎಲ್ಲಿದೀಯ?"

"ಇಲ್ಲೇ ಇದೀನಿ ಅಜ್ಜಿ."

"ನಮ್ಮ ಶಾಂತಲಾ ಅರಿಶಿನ ಹಚ್ಚಿದಂಗೆ ಕಂಡ್ಲು ಕಣೆ. ಕಣ್ಣು ಮಾಡಿಸಿಕೊಂಡ ಮೇಲೆ ಇವತ್ತೇ ನೋಡ್ರಿ ಅವಳ ಮುಖ ಸರಿಯಾಗಿ ಕಂಡಿದ್ದು." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಸದ್ದಾಯಿತು. "ದೀಪ ದೊಡ್ಡದು ಮಾಡು."

ಜಹಾನಾರಾ ಚಾಂದ್ ಕಿತ್ತ ವೈರನ್ನು ತಡವಿ ಕೈಗೆತ್ತಿಕೊಂಡು, ಈ ಸಲ ಕೇಳಿಯೇ ಬಿಟ್ಟಳು. "ಯಾವ ದೊಡ್ಡದು, ಅಜ್ಜಿ?"

"ನೀನು ತಿಳ್ಕೊಂಡಿದ್ದೆಯಲ್ಲ, ಆ ದೊಡ್ಡದು. ಬೀಗರಿಗೆ ನಾನು ಹೇಳ್ಕೋತೀನಿ."

ವಾಪಸು ಬರುವಾಗ ದಾರಿಯಲ್ಲಿ ಮಳೆ ಹಿಡಿಯಿತು. ಜಹಾನಾರಾ ಆಟೊದಿಂದ ಅರ್ಧ ಹೊರಗೆ ಬಾಗಿ, ಸೆರಗಿನಿಂದ ಗಾಜು ಒರೆಸುತ್ತ, ನಗುತ್ತ, ತೊಯ್ದು ತೊಪ್ಪೆಯಾಗಿ ಹೊನ್ನಾಳಿ ಸೇರಿದಳು.

"ಇಪ್ಪತ್ತೊಂದು ದೀಪ" ಎಂದ ಚಾಂದ್. "ಒಂದಕ್ಕೆ ನನ್ನ ಮೋಟಾರು ಆಯ್ತು. ಉಳಿದ ಇಪ್ಪತ್ತು?"

ಅವಳು ಬಸ್ ಸ್ಟ್ಯಾಂಡಿನ ಪಕ್ಕ ಸಾಲಾಗಿ ನಿಂತ ಲಗೇಜ್ ಆಟೊಗಳನ್ನು ಒಂದೊಂದಾಗಿ ನೋಡಿದಳು. ಈಗ ಅವಳು ಆ ಕಡೆ ಹಾದುಹೋದರೆ ಸಾಕು, ಚಾಲಕರೆಲ್ಲ ಎದ್ದುಬಂದು ತಂತಮ್ಮ ವೈಪರನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.