ವಾಂತಿಯಿಲ್ಲದ ಬಾಣಂತಿಗೆ ವಾಂತಿಯ ಮಾತ್ರೆ

ಮಿತ್ರರೇ, ಬಾಣಂತಿ ಮೊಮ್ಮಗಳಿಗೆ ಕೂಸಿಗೆ ಸಾಲುವಷ್ಟು ಎದೆಹಾಲಿಲ್ಲ. ಮೆಂತ್ಯದ ಗಂಜಿಯೂ ಫಲಿಸದಿರಲು ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಅದರ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ವಾಂತಿಯ ಮದ್ದೆಂದಿತು. ಎದೆಬಡಿತವನ್ನು ಏರುಪೇರು ಮಾಡೀತೆಂಬ ಎಚ್ಚರಿಕೆ ಬೇರೆ. ಹಸುಗೂಸಿನ ಬಾಯಿಗೆ ಹೋಗುವ ಹಾಲಿನಲ್ಲಿಯೂ ಮೋಸವೇ ಎಂದು ಶಂಕಿಸಿ, ಇಂದು ಪೂಜೆ ಮುಗಿದೊಡನೆ ಕುಂದಾಪುರದ ಮದ್ದಿನಂಗಡಿಗೆ ಹೋದೆ.

"ವಾಂತಿ ಇಲ್ದಿದ್ದವ್ಳಿಗ್ ಇದ್ ಎಂತಕ್ಕ್ ಕೊಟ್ಟದ್ ಮಾರಾಯಾ?" ಎಂದೆ.

"ಅದ್ರಿಂದ ಹಾಲೂ ಹೆಚ್ಚಾತ್ತ್ ಅಜ್ಜಯ್ಯ. ಚೀಟಿ ಕಾಣಿ, ಡಾಕ್ಟ್ರಮ್ಮ ಇಸಿಜಿ ಕಂಡೇ ಬರ್ದಿರ್, ಅದೂ ಒಂದ್ ವಾರಕ್ಕ್ ಮಾತ್ರ" ಎಂದ ಅಂಗಡಿಯವನು, ನನ್ನನ್ನೇ ದಿಟ್ಟಿಸಿದ. "ನೀವ್ ದಿನಾ ತಿಂಬ ಗ್ಯಾಸಿನ ಗುಳಿಗೆಯೊಳ್ಗೂ ಅದೇ ಮದ್ದ್ ಇತ್ತ್. ನೀವ್ ಹಾರ್ಟಿನ ಮಾತ್ರೆಯೂ ತಿಂತ್ರಿ. ನಿಮ್ ಚೀಟಿ ಎಲ್ಲಿತ್ತ್?"

ಚೀಟಿಯೆಂಬುದೇ ಇರಲಿಲ್ಲ. ನಾಲ್ಕು ವರ್ಷಗಳ ಹಿಂದೆ ಬ್ರಹ್ಮಾವರದಲ್ಲಿ ಮದುವೆಯೂಟದ ಅನಂತರ ಭಾವ ಕೊಟ್ಟ ಗುಳಿಗೆಯನ್ನು, ಇದೇ ಅಂಗಡಿಯಲ್ಲಿ ಬಣ್ಣ ಹೇಳಿಯೇ ಕೊಳ್ಳುತ್ತ ಬಂದವನು ನಾನು.

ಮನೆಯಲ್ಲಿ ಇದನ್ನು ಕೇಳಿದ ಮೊಮ್ಮಗಳು, "ಅಜ್ಜಯ್ಯ, ನಾಲ್ಕ್ ವರ್ಷ ತಿಂದ್ರಿ, ನಿಮ್ಗ್ ಹಾಲ್ ಬರ್ಲಿಲ್ಯಾ?" ಎಂದು ನಕ್ಕಳು. ನಗು ನಿಂತ ಮೇಲೆ ನನ್ನ ಗ್ಯಾಸಿನ ಗುಳಿಗೆಗಳನ್ನೆಲ್ಲ ಕಸಿದು ತನ್ನ ದಿಂಬಿನಡಿ ಇಟ್ಟುಕೊಂಡಳು. ನಾಳೆ ಹೃದಯದ ಡಾಕ್ಟರರು ಒಪ್ಪದೆ ಅವು ಮರಳಿ ದೊರೆಯವಂತೆ. ಅವಳ ಮಾತ್ರೆಯ ಮೇಲಿನ ನನ್ನ ಸಂಶಯ ನಿವಾರಣೆಯಾಯಿತು.

ಆದರೆ ನಾಲ್ಕು ವರ್ಷ ಚೀಟಿ ಕೇಳದೆ ಗುಳಿಗೆ ಕೊಟ್ಟ ಆ ಮಹಾಶಯ, ನಾನು ಪ್ರಶ್ನಿಸಿದ ದಿನವೇ ಅದನ್ನು ಏಕೆ ಕೇಳಿದನೆಂಬ ಸಂಶಯ ಮಾತ್ರ ಹಾಗೆಯೇ ಉಳಿದಿದೆ.